ಯಕೃತ್ತನ್ನು ಹೊಕ್ಕ ಶಿಲೀಂಧ್ರ: ರೋಗನಿರ್ಣಯದ ಒಂದು ಪಾಠ

ಕಣ್ಣು ಹಳದಿಯಾಯಿತೆಂದರೆ ನಮ್ಮ ಮುಳಬಾಗಿಲು ಸೀಮೆಯಲ್ಲಿ ಸಲಹೆಗೆ ಕೊರತೆಯಿಲ್ಲ. ಒಬ್ಬರು ಕಿರುನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸೆನ್ನುವರು. ಮತ್ತೊಬ್ಬರು ಗಡಿಯಾಚೆಯ ಹಳ್ಳಿಯಲ್ಲಿ ಮೂಗಿಗೆ ರಸ ಬಿಡುವವರಿದ್ದಾರೆಂದು ಬಸ್ಸು ಹತ್ತಿಸುವರು. ಇನ್ನೊಬ್ಬರು ಮುಂಗೈಗೆ ಬರೆ ಹಾಕಿಸಿದರೆ ಇಳಿಯುವುದೆನ್ನುವರು. ಬಹುಪಾಲು ಕಾಮಾಲೆಗಳು ಕಲುಷಿತ ನೀರು ಮತ್ತು ಆಹಾರದಿಂದ ಬಂದ ವೈರಾಣುವಿನವು. ಅವು ಪಥ್ಯ ಮತ್ತು ವಿಶ್ರಾಂತಿಯಿಂದ ತಾವಾಗಿಯೇ ಇಳಿಯುತ್ತವೆ. ಕೀರ್ತಿಯು ಮಾತ್ರ ಬರೆ ಹಾಕಿದವರಿಗೆ ಸಲ್ಲುತ್ತದೆ. ಆದರೆ ಕಾಮಾಲೆಯೆಂಬುದು ಒಂದು ಚಿಹ್ನೆಯೇ ಹೊರತು ಒಂದು ರೋಗವಲ್ಲ. ಆ ಚಿಹ್ನೆಯ ಹಿಂದೆ ಅಪರೂಪಕ್ಕೊಮ್ಮೆ ಅಡಗಿ ಕೂರುವ ಶಿಲೀಂಧ್ರದ ಸೋಂಕನ್ನು ಕುರಿತು ಈ ತಿಂಗಳು ಬರೆಯುತ್ತಿದ್ದೇವೆ. ಬರೆಯಲು ಕಾರಣ ನಮ್ಮದೇ ಒಂದು ತಪ್ಪು.

ಒಂಬತ್ತು ದಿನಗಳು

ಕೆಲವು ವರ್ಷಗಳ ಹಿಂದೆ ನಮ್ಮ ತಾಲ್ಲೂಕಿನ ಟೊಮೆಟೊ ಬೆಳೆಗಾರರೊಬ್ಬರು ಹದಿನಾಲ್ಕು ವರ್ಷದ ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಬಾಲಕನಿಗೆ ರಕ್ತ ಕ್ಯಾನ್ಸರ್. ಬೆಂಗಳೂರಿನಲ್ಲಿ ಕೀಮೋಥೆರಪಿಯ ಮೊದಲ ಹಂತ ಮುಗಿದಿತ್ತು. ಆ ಅವಧಿಯಲ್ಲಿ ಅವನ ಬಿಳಿ ರಕ್ತಕಣಗಳು ಎರಡು ವಾರಗಳಿಗೂ ಹೆಚ್ಚು ಕಾಲ ತೀರ ಕುಸಿದಿದ್ದು, ಅನಂತರ ಮತ್ತೆ ಏರಿದವು. ಕಣಗಳು ಏರಿದವೆಂಬ ಸಂತೋಷದಿಂದಲೇ ಮನೆಗೆ ಬಂದಿದ್ದರು. ಬಂದ ಮೂರನೆಯ ದಿನದಿಂದ ಸಂಜೆಯಾದರೆ ಜ್ವರ, ಬಲಪಕ್ಕೆಯ ಕೆಳಗೆ ನೋವು, ಅನ್ನ ಕಂಡರೆ ವಾಕರಿಕೆ, ಕಣ್ಣಿನಲ್ಲಿ ಎಳೆಯ ಹಳದಿ.

“ಸ್ವಾಮಿ, ಕೀಮೋ ಕೊಟ್ಟು ಕೊಟ್ಟು ಮಗುವಿಗೆ ಕಾಮಾಲೆ ಹತ್ತಿದೆ ಅಂತಾರೆ ಊರಲ್ಲಿ. ನೀವೇ ಏನಾದರೂ ಕೊಡಿ. ಮತ್ತೆ ಬೆಂಗಳೂರಿಗೆ ಹೋಗೋ ಶಕ್ತಿ ನಮಗಿಲ್ಲ” ಎಂದರು ತಂದೆ.

ಆ ಮಾತಿಗೆ ನಾವು ಸೋತೆವು. ಜೀರ್ಣಜ್ವರವೆಂದೂ, ಉಗ್ರ ಔಷಧಿಗಳಿಂದ ಯಕೃತ್ತು ದಣಿದಿದೆಯೆಂದೂ ಭಾವಿಸಿ ಕಷಾಯ ಕೊಟ್ಟೆವು, ಪಥ್ಯ ಹೇಳಿದೆವು. ಒಂಬತ್ತು ದಿನ ಕಳೆಯಿತು, ಜ್ವರ ಕದಲಲಿಲ್ಲ. ಒಂಬತ್ತನೆಯ ದಿನ ಮತ್ತೆ ಹೊಟ್ಟೆ ಮುಟ್ಟಿ ನೋಡುವಾಗ ಎಡಪಕ್ಕೆಯ ಕೆಳಗೆ ಪ್ಲೀಹವೂ ಕೈಗೆ ಸಿಕ್ಕಿತು. ಯಕೃತ್ತು, ಪ್ಲೀಹ ಎರಡೂ ಊದಿವೆ. ಜ್ವರವು ಬಿಳಿಕಣಗಳು ಏರಿದ ಮೇಲೆ ಕಾಣಿಸಿಕೊಂಡಿದೆ. ಮೊದಲ ದಿನವೇ ಕೂಡಿಸಿ ನೋಡಬೇಕಾಗಿದ್ದ ಎರಡು ಸಂಗತಿಗಳನ್ನು ನಾವು ಅಂದು ಕೂಡಿಸಿದೆವು. ಅದೇ ಮಧ್ಯಾಹ್ನ ಬಾಲಕನನ್ನು ಬೆಂಗಳೂರಿಗೆ ಕಳುಹಿಸಿ, ಅಲ್ಲಿನ ವೈದ್ಯರಿಗೆ ನಾವೇ ದೂರವಾಣಿ ಮಾಡಿ, ಕೊಟ್ಟ ಔಷಧಿಗಳ ಪಟ್ಟಿಯನ್ನೂ ಕಳೆದ ದಿನಗಳ ಲೆಕ್ಕವನ್ನೂ ಒಪ್ಪಿಸಿದೆವು. ಸಿ.ಟಿ. ಸ್ಕ್ಯಾನಿನಲ್ಲಿ ಯಕೃತ್ತು ಮತ್ತು ಪ್ಲೀಹಗಳ ತುಂಬ ಸಾಸಿವೆಯಿಂದ ಕಡಲೆಯಷ್ಟು ಗಾತ್ರದ ಕಲೆಗಳು ಕಂಡವು. ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು.

ಶಿಲೀಂಧ್ರ ಅಲ್ಲಿಗೆ ಹೋದದ್ದು ಹೇಗೆ?

ಕ್ಯಾಂಡಿಡಾ ಪರದೇಶಿಯೇನಲ್ಲ. ಆರೋಗ್ಯವಂತರ ಬಾಯಿ, ಕರುಳು, ಚರ್ಮಗಳಲ್ಲಿ ಅದು ಸದ್ದಿಲ್ಲದೆ ವಾಸಿಸುತ್ತದೆ. ಕರುಳಿನ ಒಳಪದರವು ಗೋಡೆಯಂತೆಯೂ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಾವಲುಗಾರರಂತೆಯೂ ಅದನ್ನು ಮಿತಿಯಲ್ಲಿಡುತ್ತವೆ. ಕೀಮೋಥೆರಪಿಯು ಕ್ಯಾನ್ಸರ್ ಕಣಗಳೊಡನೆ ಈ ಗೋಡೆಯನ್ನೂ ಕಾವಲನ್ನೂ ಕೆಲಕಾಲ ಬೀಳಿಸುತ್ತದೆ. ಹಲವು ಆಂಟಿಬಯೋಟಿಕ್‌ಗಳು ಒಟ್ಟಿಗೆ ನಡೆದಾಗ ಕರುಳಿನ ಬ್ಯಾಕ್ಟೀರಿಯಾಗಳು ಸತ್ತು ಶಿಲೀಂಧ್ರಕ್ಕೆ ಇನ್ನಷ್ಟು ಎಡೆ ದೊರೆಯುತ್ತದೆ. ಆಗ ಅದು ಕರುಳಿನ ಗೋಡೆ ದಾಟಿ ರಕ್ತವನ್ನು ಸೇರುತ್ತದೆ.

ಕರುಳಿನ ರಕ್ತವೆಲ್ಲ ಮೊದಲು ಹೋಗುವುದು ಯಕೃತ್ತಿಗೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳು ಮತ್ತು ಪ್ಲೀಹದ ಕಡೆಯಿಂದ ಪೋರ್ಟಲ್ ಸಿರೆಯ ಮೂಲಕ ಬರುತ್ತದೆ. ಜರಡಿಯಂತಿರುವ ಯಕೃತ್ತಿನಲ್ಲಿ ಶಿಲೀಂಧ್ರ ಸಿಕ್ಕಿಕೊಳ್ಳುತ್ತದೆ. ರಕ್ತದಲ್ಲಿ ಮುಂದೆ ಸಾಗಿದ್ದು ಪ್ಲೀಹದಲ್ಲಿ ನೆಲೆಸುತ್ತದೆ. ಚರಕಾಚಾರ್ಯರು ವಿಮಾನಸ್ಥಾನದಲ್ಲಿ ರಕ್ತವಹ ಸ್ರೋತಸ್ಸಿನ ಮೂಲವೆಂದು ಯಕೃತ್ತು, ಪ್ಲೀಹಗಳೆರಡನ್ನೂ ಜೊತೆಯಾಗಿ ಹೇಳಿದ್ದಾರೆ. ಸುಶ್ರುತಾಚಾರ್ಯರು ಒಳಗಿನ ವಿದ್ರಧಿ, ಅಂದರೆ ಕೀವುಗುಳ್ಳೆ, ಏಳುವ ಸ್ಥಾನಗಳಲ್ಲಿ ಇವೆರಡನ್ನೂ ಎಣಿಸಿದ್ದಾರೆ. ಇದನ್ನು ಓದಿಯೂ ನಾವು ಒಂದನ್ನು ಮುಟ್ಟಿ ಇನ್ನೊಂದನ್ನು ಮರೆತೆವು. ಆದರೆ ಪ್ರಾಚೀನರು ಈ ಶಿಲೀಂಧ್ರವನ್ನೇ ಕಂಡಿದ್ದರೆಂದು ಹೇಳುವುದು ಸರಿಯಲ್ಲ. ಸೂಕ್ಷ್ಮದರ್ಶಕವಿಲ್ಲದೆ ಅದನ್ನು ಕಾಣಲಾಗದು. ಶಾಸ್ತ್ರದ ಮೇಲಣ ಗೌರವಕ್ಕೆ ಇಲ್ಲದ್ದನ್ನು ಅದರ ಬಾಯಲ್ಲಿ ಹೇಳಿಸುವ ಅಗತ್ಯವಿಲ್ಲ.

ಕಣಗಳು ಏರಿದಾಗ ಜ್ವರವೇಕೆ?

ಈ ರೋಗ ವೈದ್ಯರನ್ನೂ ಮನೆಯವರನ್ನೂ ದಾರಿ ತಪ್ಪಿಸುವುದು ಇಲ್ಲಿಯೇ. ಬಿಳಿಕಣಗಳು ಕಡಿಮೆಯಿದ್ದಾಗ ಜ್ವರ ಬಂದರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಆಗ ಸ್ಕ್ಯಾನ್ ಮಾಡಿಸಿದರೂ ಯಕೃತ್ತು ಸ್ವಚ್ಛವಾಗಿಯೇ ಕಾಣಬಹುದು. ಏಕೆಂದರೆ ಶಿಲೀಂಧ್ರದೊಡನೆ ಹೋರಾಡಿ ಗುಳ್ಳೆ ಕಟ್ಟಲು ಕಣಗಳೇ ಇರುವುದಿಲ್ಲ. ಕಣಗಳು ಮರಳಿದ ಮೇಲೆ ಅವು ಶಿಲೀಂಧ್ರವಿರುವೆಡೆಗೆ ಧಾವಿಸಿ ಮುತ್ತುತ್ತವೆ. ಉರಿಯೂತವೆದ್ದು ಗುಳ್ಳೆಗಳು ಆಗ ಕಾಣುತ್ತವೆ. ಜ್ವರವೂ ನೋವೂ ಆಗಲೇ ಎದ್ದು ನಿಲ್ಲುತ್ತವೆ. ‘ಕಣಗಳು ಸರಿಯಾಗಿವೆ, ಇನ್ನು ಭಯವಿಲ್ಲ’ ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ರೋಗ ಮುಖ ತೋರುತ್ತದೆ.

ಆದ್ದರಿಂದ ಕೀಮೋಥೆರಪಿ ಪಡೆದವರ ಮನೆಯವರು ಒಂದು ನಿಯಮವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ: ಜ್ವರ 100.4 ಡಿಗ್ರಿ ಮುಟ್ಟಿದರೆ ಅದೇ ದಿನ, ರಾತ್ರಿಯಾಗಿದ್ದರೂ, ಚಿಕಿತ್ಸೆ ನೀಡಿದ ಆಸ್ಪತ್ರೆಗೆ ತಿಳಿಸಿ ಹೊರಡಬೇಕು. ಕಷಾಯ, ಮಾತ್ರೆ, ಮಂತ್ರ ಯಾವುದರಿಂದಲೂ ಒಂದು ರಾತ್ರಿಯನ್ನು ಕಳೆಯಬಾರದು.

ರೋಗನಿರ್ಣಯದ ಮೆಟ್ಟಿಲುಗಳು

ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಪರೀಕ್ಷೆಗಳನ್ನು ನಮ್ಮ ಶಾಸ್ತ್ರ ಕಲಿಸುತ್ತದೆ. ಇಂದಿನ ಯಂತ್ರಗಳು ಈ ಮೂರನ್ನು ತೊಡೆದುಹಾಕಿಲ್ಲ, ಮುಂದುವರಿಸಿವೆ.

ಮೊದಲನೆಯದು ಪ್ರಶ್ನ. ಜ್ವರ ಎಂದು ಬಂದಿತು? ಕ್ಯಾನ್ಸರ್, ಅಂಗಾಂಗ ಕಸಿ, ಹೆಚ್.ಐ.ವಿ., ಹತೋಟಿಯಿಲ್ಲದ ಮಧುಮೇಹ, ದೀರ್ಘಕಾಲದ ಸ್ಟಿರಾಯ್ಡ್, ಇವುಗಳಲ್ಲಿ ಯಾವುದಾದರೂ ಇದೆಯೇ? ಈ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಎಂಬ ಉತ್ತರವಿದ್ದರೆ ಯಕೃತ್ತಿನ ಶಿಲೀಂಧ್ರ ಸೋಂಕಿನ ಸಂಭವ ಅತಿ ವಿರಳ. ಸಾಮಾನ್ಯ ಆರೋಗ್ಯವಂತರು ಇದಕ್ಕೆ ಹೆದರಬೇಕಾಗಿಲ್ಲ.

ಎರಡನೆಯದು ಸ್ಪರ್ಶನ. ಬಲಪಕ್ಕೆಯೊಡನೆ ಎಡಪಕ್ಕೆಯನ್ನೂ ಮುಟ್ಟಿ ನೋಡಬೇಕು.

ಮೂರನೆಯದು ರಕ್ತಪರೀಕ್ಷೆ. ಇಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವು ಏರಿರುವುದು ಮುಖ್ಯ ಸುಳಿವು. ಬಿಲಿರುಬಿನ್ ಸ್ವಲ್ಪವೇ ಏರಿರಬಹುದು, ಏರದೆಯೂ ಇರಬಹುದು. ಬೆಳೆಯುವ ಮಕ್ಕಳಲ್ಲಿ ಮೂಳೆಯ ಬೆಳವಣಿಗೆಯಿಂದಲೂ ಈ ಕಿಣ್ವ ಹೆಚ್ಚಿರುವುದರಿಂದ, ಮಗುವಿನ ಹಿಂದಿನ ವರದಿಯೊಡನೆ ಹೋಲಿಸಿ ನೋಡಬೇಕು. ಹಳೆಯ ವರದಿಗಳನ್ನು ಎಸೆಯಬಾರದೆಂದು ನಾವು ಹೇಳುವುದು ಇದಕ್ಕಾಗಿಯೇ. ರಕ್ತವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಈ ಹಂತದಲ್ಲಿ ಅನೇಕ ಸಲ ಏನೂ ಬೆಳೆಯುವುದಿಲ್ಲ. ಆದಕಾರಣ ‘ಕಲ್ಚರ್ ಸರಿಯಿದೆ’ ಎಂಬ ಮಾತಿನಿಂದ ರೋಗವಿಲ್ಲವೆಂದು ತೀರ್ಮಾನಿಸಲಾಗದು. ಶಿಲೀಂಧ್ರದ ಹೊರಗೋಡೆಯ ಅಂಶವನ್ನು ರಕ್ತದಲ್ಲಿ ಹುಡುಕುವ ಬೀಟಾ-ಡಿ-ಗ್ಲುಕಾನ್ ಎಂಬ ಪರೀಕ್ಷೆ ದೊಡ್ಡ ಊರುಗಳಲ್ಲಿ ಲಭ್ಯವಿದೆ.

ನಾಲ್ಕನೆಯದು ದರ್ಶನ, ಅಂದರೆ ಈಗಿನ ಸ್ಕ್ಯಾನ್. ಅಲ್ಟ್ರಾಸೌಂಡಿನಲ್ಲಿ ಕೆಲವೊಮ್ಮೆ ಚಕ್ರದೊಳಗೆ ಚಕ್ರವಿಟ್ಟಂತೆ, ಕೆಲವೊಮ್ಮೆ ಗೂಳಿಯ ಕಣ್ಣಿನಂತೆ ಕಲೆಗಳು ಕಾಣುತ್ತವೆ. ಕಲೆಗಳು ಸಣ್ಣವಿದ್ದರೆ ಅಲ್ಟ್ರಾಸೌಂಡಿಗೆ ತಪ್ಪಿಹೋಗಬಹುದು. ಔಷಧಿ ಚುಚ್ಚಿ ತೆಗೆಯುವ ಸಿ.ಟಿ. ಸ್ಕ್ಯಾನ್, ಅದಕ್ಕಿಂತಲೂ ಎಂ.ಆರ್.ಐ., ಹೆಚ್ಚು ಸೂಕ್ಷ್ಮವಾಗಿ ತೋರಿಸುತ್ತವೆ.

ಐದನೆಯದು ಬಯಾಪ್ಸಿ. ಸೂಜಿಯಿಂದ ಯಕೃತ್ತಿನ ಎಳೆಯಷ್ಟು ತುಣುಕನ್ನು ತೆಗೆದು, ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಬೆಳೆಸಿಯೂ ನೋಡುತ್ತಾರೆ. ಖಚಿತ ನಿರ್ಣಯ ಇದರಿಂದಲೇ. ಆದರೆ ಇದಕ್ಕೂ ಮಿತಿಯುಂಟು. ಗುಳ್ಳೆಗಳು ಸಣ್ಣವಾದ್ದರಿಂದ ಸೂಜಿ ಪಕ್ಕಕ್ಕೆ ಹೋಗಬಹುದು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕಡಿಮೆಯಿದ್ದರೆ ರಕ್ತಸ್ರಾವದ ಭಯವಿರುತ್ತದೆ. ಹಾಗಾಗಿ ಕೆಲವೊಮ್ಮೆ ವೈದ್ಯರು ಉಳಿದ ಸುಳಿವುಗಳನ್ನೆಲ್ಲ ಕೂಡಿಸಿ ಚಿಕಿತ್ಸೆ ಆರಂಭಿಸುತ್ತಾರೆ.

ಇಷ್ಟೊಂದು ಮೆಟ್ಟಿಲುಗಳೇಕೆ ಎಂದರೆ, ಇದೇ ವೇಷದಲ್ಲಿ ಬರುವ ರೋಗಗಳು ಹಲವು: ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಕ್ಷಯ, ಅಮೀಬಾದ ಕುರು, ಬ್ಯಾಕ್ಟೀರಿಯಾದ ಕುರು, ಕ್ಯಾನ್ಸರಿನದೇ ಹರಡುವಿಕೆ. ಉಡುಪಿ, ದಕ್ಷಿಣ ಕನ್ನಡಗಳ ಕರಾವಳಿಯಲ್ಲಿ ಮಣ್ಣು ನೀರಿನಿಂದ ಮಧುಮೇಹಿಗಳಿಗೆ ತಗಲುವ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ರೋಗವೂ ಯಕೃತ್ತು, ಪ್ಲೀಹಗಳಲ್ಲಿ ಗುಳ್ಳೆ ಎಬ್ಬಿಸುತ್ತದೆ. ಹಕ್ಕಿ, ಬಾವಲಿಗಳ ಹಿಕ್ಕೆ ಬಿದ್ದ ಮಣ್ಣಿನಲ್ಲಿರುವ ಹಿಸ್ಟೋಪ್ಲಾಸ್ಮಾ ಎಂಬ ಇನ್ನೊಂದು ಶಿಲೀಂಧ್ರವು ಉಸಿರಿನೊಡನೆ ಹೊಕ್ಕು, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಯಕೃತ್ತು, ಪ್ಲೀಹಗಳನ್ನು ಊದಿಸುತ್ತದೆ. ನಮ್ಮಲ್ಲಿ ಅದನ್ನು ಕ್ಷಯವೆಂದು ತಪ್ಪಾಗಿ ತಿಳಿಯುವುದುಂಟು. ಇವುಗಳ ಔಷಧಿಗಳು ಬೇರೆ ಬೇರೆ. ಒಂದರ ಔಷಧಿಯನ್ನು ಇನ್ನೊಂದಕ್ಕೆ ಕೊಟ್ಟರೆ ಕಳೆಯುವುದು ಕಾಲ, ಕೆಲವೊಮ್ಮೆ ಪ್ರಾಣ.

ಚಿಕಿತ್ಸೆ, ಖರ್ಚು ಮತ್ತು ನಮ್ಮ ಪಾತ್ರ

ಯಕೃತ್ತಿನೊಳಗೆ ನೆಲೆಸಿದ ಈ ಶಿಲೀಂಧ್ರವನ್ನು ಕೊಲ್ಲುತ್ತದೆಂದು ಸಿದ್ಧಪಟ್ಟ ಔಷಧಿ ನಮ್ಮ ಆಯುರ್ವೇದದಲ್ಲಿ ಇಲ್ಲ. ನಾಲ್ಕು ದಶಕಗಳಿಂದ ಇದೇ ವೃತ್ತಿಯಲ್ಲಿರುವ ನಾವು ಇದನ್ನು ಹೇಳದಿದ್ದರೆ ಭಕ್ತರಿಗೆ ಬೇರಾರು ಹೇಳಬೇಕು? ಮೊದಲು ಕೆಲವು ವಾರ ಆಂಫೊಟೆರಿಸಿನ್ ಅಥವಾ ಎಕೈನೊಕ್ಯಾಂಡಿನ್ ಗುಂಪಿನ ಔಷಧಿಯನ್ನು ನರದ ಮೂಲಕ ಕೊಟ್ಟು, ಅನಂತರ ಫ್ಲುಕೊನಜೋಲ್ ಮಾತ್ರೆಯನ್ನು ಸ್ಕ್ಯಾನಿನಲ್ಲಿ ಕಲೆಗಳು ಮಾಯವಾಗುವವರೆಗೆ, ಸಾಮಾನ್ಯವಾಗಿ ಹಲವು ತಿಂಗಳು, ಮುಂದುವರಿಸುತ್ತಾರೆ. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಬಾರದು.

ಮಾತ್ರೆ ನಡೆಯುವಾಗ ಕಷಾಯ, ಭಸ್ಮ, ನಾಟಿ ಔಷಧಿಗಳನ್ನು ವೈದ್ಯರಿಗೆ ತಿಳಿಸದೆ ಸೇವಿಸುವುದು ಅಪಾಯ. ಶಿಲೀಂಧ್ರದ ಮಾತ್ರೆಗಳು ಇತರ ಔಷಧಿಗಳನ್ನು ಕರಗಿಸುವ ಯಕೃತ್ತಿನ ಕಿಣ್ವಗಳನ್ನು ತಡೆಯುತ್ತವೆ. ಆಗ ಮತ್ತೊಂದು ಔಷಧಿ ದೇಹದಲ್ಲಿ ಮಿತಿಮೀರಿ ಉಳಿಯಬಹುದು. ‘ಗಿಡಮೂಲಿಕೆ, ತೊಂದರೆಯಿಲ್ಲ’ ಎಂಬ ಮಾತು ಸೋತ ಯಕೃತ್ತಿಗೆ ಸಲ್ಲದು. ಈ ಕಾಲದಲ್ಲಿ ನಾವು ನೆರವಾಗಬಹುದಾದದ್ದು ಪಥ್ಯದಲ್ಲಿ: ಆಗತಾನೆ ಮಾಡಿದ ಬಿಸಿ ಗಂಜಿ, ಹೆಸರುಬೇಳೆಯ ತಿಳಿ, ಚೆನ್ನಾಗಿ ಬೇಯಿಸಿದ ತರಕಾರಿ, ಕುದಿಸಿ ಆರಿಸಿದ ನೀರು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ. ಹಳಸಿದ್ದು, ತೆರೆದಿಟ್ಟದ್ದು ಬೇಡ.

ಖರ್ಚಿಗೆ ಹೆದರಿ ಹಿಂಜರಿಯುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ನೆನೆಯಲಿ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಅದರಲ್ಲಿ ನೆರವುಂಟು. ತಾಲ್ಲೂಕು ಆಸ್ಪತ್ರೆಯಲ್ಲಿ, ಇಲ್ಲವೇ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಶಿಫಾರಸು ಪತ್ರ ಪಡೆಯಬಹುದು. ನಮ್ಮ ಬಾಲಕನ ತಂದೆಗೆ ‘ಶಕ್ತಿಯಿಲ್ಲ’ ಎಂಬ ಮಾತು ಬಂದಾಗ ನಾವು ಕೊಡಬೇಕಾಗಿದ್ದದ್ದು ಕಷಾಯವಲ್ಲ, ಈ ಮಾಹಿತಿ.

ಸೋಂಕಲ್ಲ, ವಿಷ: ಕಣಜದಲ್ಲಿರುವ ಶಿಲೀಂಧ್ರ

ಇದುವರೆಗೆ ಹೇಳಿದ್ದು ಕೆಲವರಿಗೆ ಮಾತ್ರ ಬರುವ ಸೋಂಕು. ಎಲ್ಲರ ಮನೆಗೂ ಸಂಬಂಧಿಸಿದ ಇನ್ನೊಂದು ಬಗೆಯಿದೆ. ಇಲ್ಲಿ ಶಿಲೀಂಧ್ರವು ಯಕೃತ್ತನ್ನು ಹೊಗುವುದಿಲ್ಲ. ಕಾಳಿನ ಮೇಲೆಯೇ ಬೆಳೆದು ತನ್ನ ವಿಷವನ್ನು ಕಳುಹಿಸುತ್ತದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು-ಹಳದಿ ಬೂಷ್ಟು ಕಡಲೆಕಾಯಿ, ಮುಸುಕಿನ ಜೋಳ, ಕೊಬ್ಬರಿ ಮುಂತಾದವುಗಳಲ್ಲಿ ಹುಟ್ಟಿಸುವ ಈ ವಿಷದ ಹೆಸರು ಅಫ್ಲಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂದಿತು.

ನಮ್ಮ ನಾಡೂ ಇದರ ಕಹಿಯನ್ನು ಉಂಡಿದೆ. ಮೈಸೂರಿನಲ್ಲಿ ಅಪೌಷ್ಟಿಕತೆಯಿಂದ ನರಳುತ್ತಿದ್ದ ಮಕ್ಕಳಿಗೆ ಪುಷ್ಟಿ ಬರಲೆಂದು ಕೊಟ್ಟ ಕಡಲೆಕಾಯಿ ಹಿಟ್ಟಿನಲ್ಲಿ ಅರಿವಿಲ್ಲದೆ ಈ ವಿಷ ಸೇರಿತ್ತು. ಆ ಮಕ್ಕಳ ಯಕೃತ್ತಿನ ಬಯಾಪ್ಸಿಯಲ್ಲಿ ಸಿರೋಸಿಸ್, ಅಂದರೆ ಯಕೃತ್ತು ಗಂಟುಗಟ್ಟುವ ವಿಕಾರ, ಕಂಡುಬಂದುದನ್ನು ಮೈಸೂರಿನ ವೈದ್ಯರೂ ವಿಜ್ಞಾನಿಗಳೂ ಕೂಡಿ 1971ರಲ್ಲಿ ಅಮೆರಿಕದ ಪೋಷಣಾ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಒಳ್ಳೆಯದಕ್ಕೆಂದು ಕೊಟ್ಟ ಆಹಾರವೇ ಕೇಡಾಯಿತು. 1974ರ ಕೊನೆಯಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಮಳೆಗೆ ನೆನೆದ ಮುಸುಕಿನ ಜೋಳವನ್ನು ತಿಂದವರಲ್ಲಿ ಕಾಮಾಲೆಯೂ ಹೊಟ್ಟೆಯಲ್ಲಿ ನೀರೂ ಕಾಣಿಸಿಕೊಂಡು, 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಅದೇ ಜೋಳ ತಿಂದ ಮನೆಯ ನಾಯಿಗಳೂ ಸತ್ತವು. ಮನುಷ್ಯರೊಡನೆ ನಾಯಿಗಳಿಗೂ ಅದೇ ರೋಗ ಬಂದುದು, ಕಾರಣ ಆಹಾರದಲ್ಲಿದೆ ಎಂಬುದಕ್ಕೆ ದೊಡ್ಡ ಸುಳಿವು. ರೋಗನಿರ್ಣಯವು ಕೆಲವೊಮ್ಮೆ ರೋಗಿಯ ನಾಡಿಯಲ್ಲಲ್ಲ, ಅವನ ಕಣಜದಲ್ಲಿರುತ್ತದೆ.

ನಮ್ಮ ಬಯಲುಸೀಮೆಗೆ ಇದರಲ್ಲಿ ಎರಡು ಅಪಾಯಗಳಿವೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಬಳ್ಳಿ ಬಾಡಿದರೆ ಈ ಬೂಷ್ಟು ಹೊಲದಲ್ಲಿಯೇ ಕಾಳನ್ನು ಹೊಗುತ್ತದೆ. ಕಿತ್ತು ರಾಶಿ ಹಾಕಿದ ಮೇಲೆ ಅಕ್ಟೋಬರ್–ನವೆಂಬರ್ ತಿಂಗಳ ಹಿಂಗಾರು ಮಳೆ ರಾಶಿಯನ್ನು ನೆನೆಸಿದರೆ ಅಲ್ಲಿ ಹಬ್ಬುತ್ತದೆ. ಹುರಿದರೂ ಬೇಯಿಸಿದರೂ ಅಡುಗೆಮನೆಯ ಶಾಖಕ್ಕೆ ಈ ವಿಷ ಪೂರ್ತಿ ನಾಶವಾಗದು. ಆದ್ದರಿಂದ:

ಕಡಲೆಕಾಯಿಯನ್ನು ಕಿತ್ತ ಕೂಡಲೇ ಬಿಸಿಲಿಗೆ ಹರಡಿ, ಅಲುಗಿಸಿದರೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿರಿ. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲಿಡಿರಿ.

ಮುರುಟಿದ, ಬಣ್ಣಗೆಟ್ಟ, ಹುಳು ಕೊರೆದ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯಿರಿ. ಬಾಯಿಗೆ ಕಹಿ ಬಂದ ಬೀಜವನ್ನು ನುಂಗದೆ ಉಗುಳಿರಿ. ಮಕ್ಕಳಿಗೆ ಪುಡಿ ಮಾಡಿ ಕೊಡುವ ಮುನ್ನ ಎರಡು ಸಲ ಆರಿಸಿರಿ.

ಕೆಟ್ಟ ಬೀಜವನ್ನು ‘ಗಾಣಕ್ಕಾಯಿತು’ ಎಂದು ಎತ್ತಿಡಬೇಡಿರಿ. ವಿಷದ ಬಹುಭಾಗ ಹಿಂಡಿಯಲ್ಲಿ ಉಳಿಯುತ್ತದೆ. ಶುದ್ಧೀಕರಿಸದ ಎಣ್ಣೆಗೂ ಸ್ವಲ್ಪ ಇಳಿಯುತ್ತದೆ. ಬೂಷ್ಟು ಹಿಡಿದ ಹಿಂಡಿಯನ್ನು ಹಸುವಿಗೆ ಹಾಕಿದರೆ ಅದು ರೂಪಾಂತರಗೊಂಡು ಹಾಲಿಗೆ ಬರುತ್ತದೆ. ಹಾಲಿನಲ್ಲಿ ಅದು ಕಿಲೋಗ್ರಾಮಿಗೆ 0.5 ಮೈಕ್ರೋಗ್ರಾಮ್ ಮೀರಬಾರದೆಂಬುದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ. ಹಾಲನ್ನು ಕಾಯಿಸುವುದರಿಂದ ಅದು ಹೋಗದು.

ಹೆಪಟೈಟಿಸ್-ಬಿ ಇರುವವರಲ್ಲಿ ಈ ವಿಷವು ಯಕೃತ್ತಿನ ಕ್ಯಾನ್ಸರಿನ ಸಂಭವವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಮಕ್ಕಳಿಗೆ ಹುಟ್ಟಿದಾಗಿನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಹೆಪಟೈಟಿಸ್-ಬಿ ಲಸಿಕೆಯನ್ನು ತಪ್ಪಿಸಬೇಡಿರಿ.

ಶ್ರೀಮಠದ ದಾಸೋಹಕ್ಕೆ ಧಾನ್ಯ, ಕಾಳು ಅರ್ಪಿಸುವ ಭಕ್ತರಲ್ಲಿಯೂ ಒಂದು ವಿನಂತಿ. ಮನೆಯ ಮಕ್ಕಳಿಗೆ ಕೊಡಲು ಒಪ್ಪದ ಕಾಳು ದಾಸೋಹದ ಮಕ್ಕಳಿಗೂ ಬೇಡ. ಒಣಗಿಸಿ, ಆರಿಸಿ ತಂದ ಒಂದು ಸೇರು, ಆರಿಸದೆ ತಂದ ಒಂದು ಚೀಲಕ್ಕಿಂತ ಮೇಲು.

ಕೊನೆಯ ಮಾತು

ಆ ಬಾಲಕನ ಜ್ವರ ಇಳಿಯಲು ಮೂರು ವಾರಗಳಿಗೂ ಹೆಚ್ಚು ಕಾಲ ಹಿಡಿಯಿತು. ಮಾತ್ರೆ ಏಳು ತಿಂಗಳು ನಡೆಯಿತು. ಜೊತೆಯಲ್ಲಿಯೇ ಕ್ಯಾನ್ಸರಿನ ಚಿಕಿತ್ಸೆಯೂ ಮುಂದುವರಿಯಿತು. ಈಗ ಅವನು ಕಾಲೇಜಿಗೆ ಹೋಗುತ್ತಿದ್ದಾನೆ. ವರ್ಷಕ್ಕೊಮ್ಮೆ ತಂದೆಯೊಡನೆ ಬಂದು, ನಮ್ಮಿಂದಲೇ ಗುಣವಾಯಿತೆಂಬಂತೆ ಹಣ್ಣು ಇಟ್ಟು ನಮಸ್ಕರಿಸುತ್ತಾನೆ. ಆಗೆಲ್ಲ ನಾವು ತಂದೆಗೆ ಆ ಒಂಬತ್ತು ದಿನಗಳನ್ನು ನೆನಪಿಸುತ್ತೇವೆ. “ಹೋಗಲಿ ಬಿಡಿ ಸ್ವಾಮಿ, ಹತ್ತನೇ ದಿನ ಇಟ್ಟುಕೊಳ್ಳಲಿಲ್ಲವಲ್ಲ” ಎನ್ನುತ್ತಾರೆ ಅವರು. ಅವರು ಮನ್ನಿಸಿದ್ದಾರೆ. ಆದರೆ ಅಂದಿನಿಂದ ನಮ್ಮ ಚಿಕಿತ್ಸಾಲಯದಲ್ಲಿ ಒಂದು ಪದ್ಧತಿ ಬಂದಿದೆ: ಕಾಮಾಲೆಯೆಂದು ಬಂದ ಯಾರಿಗೇ ಆಗಲಿ, ರಕ್ತಪರೀಕ್ಷೆಯ ವರದಿ ನೋಡದೆ, ಎರಡೂ ಪಕ್ಕೆ ಮುಟ್ಟದೆ, ಹಿಂದಿನ ಚಿಕಿತ್ಸೆ ಕೇಳದೆ ಒಂದು ಚಮಚ ಕಷಾಯವನ್ನೂ ಕೊಡುವುದಿಲ್ಲ. ಮೂರು ದಿನದಲ್ಲಿ ಜ್ವರ ಇಳಿಯದಿದ್ದರೆ ನಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ. ಕೀಮೋಥೆರಪಿ ಪಡೆದವರಿಗೆ ಆ ಮೂರು ದಿನಗಳೂ ಇಲ್ಲ.

ಭಕ್ತರು ತಮ್ಮ ವೈದ್ಯರಲ್ಲಿಯೂ, ಅವರು ಯಾವ ಪದ್ಧತಿಯವರೇ ಆಗಲಿ, ಇಷ್ಟನ್ನು ಕೇಳಿ ಪಡೆಯಲಿ.